ನೊಣದ ಕಣ್ಣಿನ ಗಣಿತ

ಗಿರಾಕಿಗಳಿಲ್ಲದ ಅಂಗಡಿಯವನನ್ನು ಕುರಿತು ‘ನೊಣ ಹೊಡೆಯುತ್ತ ಕುಳಿತಿದ್ದಾನೆ’ ಎಂದು ಹೇಳುವುದುಂಟು. ಕೆಲಸವಿಲ್ಲದವನು ಮಾಡುವ ಕೆಲಸ ಅದೆಂಬುದು ಆ ಮಾತಿನ ಭಾವ. ಆದರೆ ನಿಜವಾಗಿಯೂ ನೊಣ ಹೊಡೆಯಲು ಹೊರಟವರಿಗೆ ಅದೆಂಥ ಪ್ರಯಾಸದ ಕೆಲಸವೆಂಬುದು ಗೊತ್ತು. ಬೆಲ್ಲದ ಡಬ್ಬಿಯ ಮೇಲೆ ಕುಳಿತ ನೊಣದ ಹಿಂದಿನಿಂದ ಎಷ್ಟೇ ಮೆಲ್ಲನೆ ಕೈ ತಂದರೂ, ಬೀಸಿದ ಅಂಗೈ ಬೀಳುವುದು ಬರಿಯ ಮುಚ್ಚಳದ ಮೇಲೆ. ನೊಣ ಅಷ್ಟರಲ್ಲಿ ಮಾಡಿನ ಜಂತೆಗೆ ತಲೆಕೆಳಗಾಗಿ ಅಂಟಿಕೊಂಡು ಮುಂಗಾಲುಗಳನ್ನು ಉಜ್ಜಿಕೊಳ್ಳುತ್ತಿರುತ್ತದೆ.

ಈ ಪಲಾಯನದ ರಹಸ್ಯವಿರುವುದು ಅದರ ರೆಕ್ಕೆಗಳಲ್ಲಿ ಮಾತ್ರವಲ್ಲ, ಕಣ್ಣುಗಳಲ್ಲಿ. ಮಿನುಗುವ ದೀಪವೊಂದನ್ನು ಕ್ರಮವಾಗಿ ವೇಗಗೊಳಿಸುತ್ತ ಹೋದರೆ, ಸೆಕೆಂಡಿಗೆ ಸುಮಾರು 50–60 ಸಲ ಮಿನುಗುವಷ್ಟರಲ್ಲಿ ನಮ್ಮ ಕಣ್ಣಿಗೆ ಅದು ನಿಶ್ಚಲವಾದ ಬೆಳಕಾಗಿಬಿಡುತ್ತದೆ. ನೊಣದ ಕಣ್ಣು 200ನ್ನು ದಾಟಿದರೂ ಆ ಮಿನುಗನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲುದು. ನಾವು ಮೈಮರೆತು ನೋಡುವ ಚಲನಚಿತ್ರವು ನೊಣಕ್ಕೆ ಒಂದಾದಮೇಲೊಂದು ತೋರಿಸುವ ಬಿಡಿ ಪಟಗಳ ಪ್ರದರ್ಶನವಷ್ಟೆ. ನಮ್ಮ ಬೀಸುಗೈ ಅದಕ್ಕೆ ನಿಧಾನವಾಗಿ ಇಳಿದುಬರುವ ಚಪ್ಪರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಈ ಪುಟ್ಟ ಪ್ರಾಣಿಯ ನೋಟದಿಂದ ಮನುಷ್ಯನ ಯಂತ್ರಗಳು ಪಾಠ ಕಲಿಯುತ್ತಿರುವ ಕಥೆಯೇ ಈ ವಾರದ ವಿಷಯ.

ಚಲನೆ ಕಾಣದಿದ್ದರೆ?

ಚಲನೆಯನ್ನು ಕಾಣುವುದೇನು ಮಹಾ ಎಂದು ಕೇಳಬಹುದು. ಕಣ್ಣಿದ್ದಮೇಲೆ ವಸ್ತು ಕಾಣುತ್ತದೆ, ವಸ್ತು ಚಲಿಸಿದರೆ ಅದೂ ಕಾಣುತ್ತದೆ, ಅಲ್ಲವೆ? ಅಲ್ಲ. 1983ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ತಜ್ಞರು ವರದಿ ಮಾಡಿದ ಒಬ್ಬ ಮಹಿಳೆಯ ಸ್ಥಿತಿ ಇದನ್ನು ಸ್ಪಷ್ಟಪಡಿಸಿತು. ರೋಗದಿಂದ ಮಿದುಳಿನ ಹಿಂಭಾಗದ ಎರಡು ಪಾರ್ಶ್ವಗಳಿಗೂ ಆಘಾತವಾಗಿದ್ದ ಆಕೆಗೆ ಬಣ್ಣಗಳು ಕಾಣುತ್ತಿದ್ದವು. ಜನರ ಮುಖದ ಗುರುತು ಸಿಕ್ಕುತ್ತಿತ್ತು. ಅಕ್ಷರ ಓದುವುದಕ್ಕೂ ಬರುತ್ತಿತ್ತು. ಚಲನೆಯೊಂದು ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಸುರಿದರೆ ಆ ಧಾರೆ ಹೆಪ್ಪುಗಟ್ಟಿದ ಹಿಮದಂತೆ ತೋರುತ್ತಿತ್ತು. ಬಟ್ಟಲಿನಲ್ಲಿ ಚಹಾ ಮೇಲೇರುವುದು ಕಾಣದೆ ಅದು ತುಂಬಿ ಹೊರಚೆಲ್ಲುತ್ತಿತ್ತು. ರಸ್ತೆ ದಾಟುವುದಂತೂ ಪ್ರಾಣಸಂಕಟ. ದೂರದಲ್ಲಿದ್ದ ಮೋಟಾರು ಮರುಕ್ಷಣ ಮೈಮೇಲೆ ಬಂದಂತೆ ಪ್ರತ್ಯಕ್ಷವಾಗುತ್ತಿತ್ತು. ನಡುವಿನ ದಾರಿಯೇ ಆಕೆಯ ಪಾಲಿಗೆ ಇರಲಿಲ್ಲ.

ಎಂದಮೇಲೆ ವಸ್ತುವನ್ನು ಗುರುತಿಸುವುದು ಒಂದು ಶಕ್ತಿ, ಅದರ ಚಲನೆಯನ್ನು ಅಳೆಯುವುದು ಇನ್ನೊಂದು ಶಕ್ತಿ ಎಂದಾಯಿತು. ನೊಣ, ಜೇನುನೊಣ, ಜೀರುಂಡೆಗಳಲ್ಲಿ ಮೊದಲನೆಯದು ಅಲ್ಪ, ಎರಡನೆಯದು ಅದ್ಭುತ.

ಕೀಟಗಳದು ಸಂಯುಕ್ತ ನೇತ್ರ. ಮನೆಯ ನೊಣದ ಒಂದೊಂದು ಕಣ್ಣಿನಲ್ಲಿಯೂ ಸುಮಾರು 3,000 ಪುಟ್ಟ ಮಸೂರಗಳಿವೆ. ಇದನ್ನು ಕೇಳಿದ ಕೆಲವರು ನೊಣಕ್ಕೆ ನಾವು ಮೂರು ಸಾವಿರ ಜನರಾಗಿ ಕಾಣುತ್ತೇವೆಂದು ಭಾವಿಸುವುದುಂಟು. ಅದು ಸರಿಯಲ್ಲ. ಒಂದೊಂದು ಮಸೂರವೂ ಇಡೀ ದೃಶ್ಯದ ಒಂದೊಂದು ಚುಕ್ಕಿಯನ್ನಷ್ಟೇ ಒದಗಿಸುತ್ತದೆ. ರಂಗೋಲಿಯ ಚುಕ್ಕಿಗಳಂತೆ ಅವೆಲ್ಲ ಕೂಡಿ ಒಂದೇ ಚಿತ್ರ. ನಮ್ಮ ಮೊಬೈಲಿನ ಕ್ಯಾಮರಾದಲ್ಲಿ ಕೋಟಿಗೂ ಮೀರಿದ ಚುಕ್ಕಿಗಳಿರುವಾಗ, ಕೇವಲ ಮೂರು ಸಾವಿರ ಚುಕ್ಕಿಗಳ ಒರಟು ಚಿತ್ರವನ್ನು ನೆಚ್ಚಿಕೊಂಡು ನೊಣವು ಗೋಡೆಗೆ ಡಿಕ್ಕಿ ಹೊಡೆಯದೆ ಕೋಣೆಯನ್ನೆಲ್ಲ ಸುತ್ತುತ್ತದೆ.

ಯಂತ್ರದ ಹುಡುಕಾಟ

ಈಗ ನಮ್ಮ ಯಂತ್ರಗಳ ಪಾಡನ್ನು ನೋಡೋಣ. ವಿಡಿಯೊ ಎಂಬುದು ಸೆಕೆಂಡಿಗೆ 25 ಅಥವಾ 30ರಂತೆ ತೆಗೆದ ಬಿಡಿ ಚಿತ್ರಗಳ ಸಾಲು. ಅಮೆರಿಕದಲ್ಲಿರುವ ಮೊಮ್ಮಗುವಿನ ಆಟವನ್ನು ಜಯನಗರದ ಅಜ್ಜಿ ಮೊಬೈಲಿನಲ್ಲಿ ನೋಡುವಾಗ ಅಷ್ಟೂ ಚಿತ್ರಗಳನ್ನು ಇಡಿಯಾಗಿ ಕಳುಹಿಸಲು ಹೊರಟರೆ ತಂತಿಗಳ ಶಕ್ತಿ ಸಾಲದು. ಆದಕಾರಣ ಎಂಜಿನಿಯರುಗಳು ಒಂದು ಉಪಾಯ ಮಾಡಿದ್ದಾರೆ. ಹಿಂದಿನ ಚಿತ್ರದಲ್ಲಿದ್ದುದೇ ಈ ಚಿತ್ರದಲ್ಲಿ ಬಹುಪಾಲು ಇರುತ್ತದೆ. ಕೈ ಸ್ವಲ್ಪ ಮೇಲೆ ಹೋಗಿದೆ, ತಲೆ ಸ್ವಲ್ಪ ತಿರುಗಿದೆ, ಅಷ್ಟೆ. ಹಾಗಿದ್ದರೆ ಯಾವ ಭಾಗ ಎತ್ತ, ಎಷ್ಟು ಸರಿಯಿತೆಂಬುದನ್ನೂ ಅದರಿಂದ ಸರಿಹೋಗದೆ ಉಳಿದ ವ್ಯತ್ಯಾಸವನ್ನೂ ಕಳುಹಿಸಿದರೆ ಸಾಕು.

ಆದರೆ ‘ಎತ್ತ, ಎಷ್ಟು’ ಎಂಬುದನ್ನು ಕಂಡುಹಿಡಿಯುವ ಬಗೆ ಹೇಗೆ? ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಚೌಕವನ್ನೂ ಹಿಂದಿನ ಚಿತ್ರದ ಮೇಲಿಟ್ಟು, ನಾಲ್ಕು ಕಡೆಗೂ 16 ಚುಕ್ಕಿಗಳಷ್ಟು ಸರಿಸುತ್ತ, ಎಲ್ಲಿ ಚೆನ್ನಾಗಿ ಹೊಂದುವುದೆಂದು ಹುಡುಕುತ್ತಾರೆ. ಎಡಬಲಕ್ಕೆ 33 ಸ್ಥಾನ, ಮೇಲೆಕೆಳಗೆ 33 ಸ್ಥಾನ. ಒಟ್ಟು 1,089 ಸ್ಥಾನಗಳು. ಒಂದೊಂದರಲ್ಲಿಯೂ 256 ಚುಕ್ಕಿಗಳನ್ನು ಹೋಲಿಸಬೇಕು. 1920ಕ್ಕೆ 1080 ಚುಕ್ಕಿಗಳ ಚಿತ್ರವೊಂದರಲ್ಲಿ ಇಂಥ ಚೌಕಗಳು 8,160. ಗುಣಿಸಿ ನೋಡಿದರೆ ಒಂದೇ ಚಿತ್ರಕ್ಕೆ ಸುಮಾರು 227 ಕೋಟಿ ಹೋಲಿಕೆಗಳು! ಸೆಕೆಂಡಿಗೆ 25 ಚಿತ್ರಗಳೆಂದರೆ ಐದು ಸಾವಿರದ ಆರುನೂರು ಕೋಟಿಗೂ ಮೇಲಾಯಿತು.

ಹೀಗೆ ಎಲ್ಲ ಸ್ಥಾನಗಳನ್ನೂ ಶೋಧಿಸದೆ, ಮೊದಲು ದೂರದೂರದ ಕೆಲವನ್ನು ನೋಡಿ, ಅವುಗಳಲ್ಲಿ ಉತ್ತಮವಾದುದರ ಸುತ್ತ ಮತ್ತೆ ಹುಡುಕುವ ಕ್ರಮಗಳು ಬಂದಿವೆ. ಈ ಕೆಲಸಕ್ಕೆಂದೇ ಪ್ರತ್ಯೇಕ ವಿದ್ಯುನ್ಮಂಡಲಗಳನ್ನೂ ಮೊಬೈಲುಗಳಲ್ಲಿ ಅಳವಡಿಸುತ್ತಾರೆ. ಮೇಜಿನ ಮೇಲಿನ ಯಂತ್ರಕ್ಕೆ ಇದೇನೂ ಹೊರೆಯಲ್ಲ. ಆದರೆ ಅಂಗೈಯಗಲದ ಹಾರುವ ಯಂತ್ರವೊಂದು ಮರದ ಕೊಂಬೆಗಳ ನಡುವೆ ನುಸುಳಬೇಕಾದಾಗ? ಅದರ ಬ್ಯಾಟರಿಯಲ್ಲಿ ಅಷ್ಟು ಶಕ್ತಿಯಿಲ್ಲ; ಕಾಯುವುದಕ್ಕೆ ಅಷ್ಟು ಸಮಯವೂ ಇಲ್ಲ. ಆಗ ನೆನಪಾಗುವುದು, ಹತ್ತು ಲಕ್ಷಕ್ಕೂ ಕಡಮೆ ನರಕೋಶಗಳ ಮಿದುಳನ್ನು ಹೊತ್ತು ದಿನವೆಲ್ಲ ತೋಟ ಸುತ್ತುವ ಜೇನುನೊಣ.

ಹುಲ್ಲಿನ ಗೋಳದ ಮೇಲೆ ಜೀರುಂಡೆ

ಈ ವಿಷಯದಲ್ಲಿ ಮೊದಲ ಬೆಳಕು ಬಿದ್ದದ್ದು ಜರ್ಮನಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರಿಚಿತರಾದ ಇಬ್ಬರು ತರುಣರು—ಜೀವವಿಜ್ಞಾನಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ಭೌತವಿಜ್ಞಾನಿ ವೆರ್ನರ್ ರೈಖಾರ್ಟ್—ಶಾಂತಿಯ ದಿನಗಳು ಬಂದರೆ ತಮ್ಮ ಎರಡು ಶಾಸ್ತ್ರಗಳನ್ನು ಬೆಸೆದು ದುಡಿಯಬೇಕೆಂದು ಮಾತಾಡಿಕೊಂಡಿದ್ದರು. ಮಾತಿನಂತೆಯೇ ನಡೆದರು. ಅವರು ಆರಿಸಿಕೊಂಡದ್ದು ಕ್ಲೋರೊಫಾನಸ್ ಎಂಬ ಹಸುರು ಬಣ್ಣದ ಜೀರುಂಡೆಯನ್ನು.

ಪ್ರಯೋಗ ಬಲು ಸೊಗಸಾದುದು. ಜೀರುಂಡೆಯ ಬೆನ್ನನ್ನು ಒಂದು ಕಡ್ಡಿಗೆ ಅಂಟಿಸಿ ಅದನ್ನು ತೂಗುಬಿಟ್ಟು, ಕಾಲುಗಳಿಗೆ ಹುಲ್ಲುಕಡ್ಡಿಯಿಂದ ಹೆಣೆದ ಹಗುರವಾದ ಗೋಳವೊಂದನ್ನು ಕೊಟ್ಟರು. ಜೀರುಂಡೆ ನಡೆದಂತೆ ಗೋಳವು ಅದರ ಕಾಲ ಕೆಳಗೆ ಉರುಳುತ್ತಿತ್ತು; ಜೀರುಂಡೆ ಮಾತ್ರ ಇದ್ದಲ್ಲಿಯೇ. ಹೆಜ್ಜೆ ಹೆಜ್ಜೆಗೂ ಗೋಳದ ಕಡ್ಡಿ ಎರಡಾಗಿ ಕವಲೊಡೆಯುತ್ತಿದ್ದುದರಿಂದ ಜೀರುಂಡೆ ಎಡಕ್ಕೋ ಬಲಕ್ಕೋ ಹೋಗಲೇಬೇಕಾಗಿತ್ತು. ಸುತ್ತಲೂ ಕಪ್ಪುಬಿಳುಪು ಪಟ್ಟೆಗಳನ್ನು ತಿರುಗಿಸುತ್ತ, ಅದು ಯಾವ ಕವಲನ್ನು ಹಿಡಿಯಿತೆಂದು ಇವರು ಎಣಿಸುತ್ತ ಕುಳಿತರು. ಈ ಎಣಿಕೆಯಿಂದಲೇ 1956ರಲ್ಲಿ ಕಣ್ಣಿನ ಹಿಂದಿನ ಲೆಕ್ಕಾಚಾರವನ್ನು ಬಿಡಿಸಿ ಪ್ರಕಟಿಸಿದರು. 1958ರಲ್ಲಿ ಟ್ಯೂಬಿಂಗನ್ ನಗರದಲ್ಲಿ ಈ ಹೊಸ ಶಾಸ್ತ್ರಕ್ಕೆಂದೇ ಒಂದು ಸಂಶೋಧನಾ ತಂಡವೂ ಏರ್ಪಟ್ಟಿತು.

ಅವರು ಕಂಡುಕೊಂಡ ತತ್ತ್ವವನ್ನು ಒಂದು ಉಪಮಾನದಿಂದ ಹೇಳಬಹುದು. ಬೀದಿಯಲ್ಲಿ ದೇವರ ಪಲ್ಲಕ್ಕಿ ಬರುತ್ತಿದೆ. ಅಕ್ಕಪಕ್ಕದ ಎರಡು ಮನೆಗಳ ಬಾಗಿಲಲ್ಲಿ ಒಬ್ಬೊಬ್ಬ ಹುಡುಗ ಗಂಟೆ ಹಿಡಿದು ನಿಂತಿದ್ದಾನೆ. ಮೊದಲನೆಯವನು ಪಲ್ಲಕ್ಕಿ ತನ್ನೆದುರು ಬಂದೊಡನೆ ಹತ್ತು ಎಣಿಸಿ ಗಂಟೆ ಬಾರಿಸಬೇಕು. ಎರಡನೆಯವನು ತನ್ನೆದುರು ಬಂದೊಡನೆ ಬಾರಿಸಬೇಕು. ಎರಡು ಗಂಟೆಗಳೂ ಒಟ್ಟಿಗೆ ಕೇಳಿಸಿದರೆ ಪಲ್ಲಕ್ಕಿ ಮೊದಲನೆಯ ಮನೆಯಿಂದ ಎರಡನೆಯ ಮನೆಯ ಕಡೆಗೆ, ಇಂಥ ವೇಗದಲ್ಲಿ ಸಾಗಿತೆಂದು ಒಳಮನೆಯಲ್ಲಿ ಕುಳಿತ ಅಜ್ಜನಿಗೂ ತಿಳಿಯುತ್ತದೆ. ಪಲ್ಲಕ್ಕಿ ಎದುರು ದಿಕ್ಕಿನಿಂದ ಬಂದಿದ್ದರೆ ಗಂಟೆಗಳು ಜೊತೆಗೂಡುವುದಿಲ್ಲ. ಬಂದದ್ದು ಪಲ್ಲಕ್ಕಿಯೋ ಎತ್ತಿನ ಗಾಡಿಯೋ ಎಂದು ಯಾರೂ ಕೇಳಬೇಕಾಗಿಲ್ಲ, ಹುಡುಕುವುದಕ್ಕೇನೂ ಇಲ್ಲ.

ಕೀಟದ ಕಣ್ಣಿನಲ್ಲಿ ನೆರೆಹೊರೆಯ ಎರಡು ಮಸೂರಗಳು ಆ ಇಬ್ಬರು ಹುಡುಗರು. ಒಂದರ ಸಂಕೇತವನ್ನು ಸ್ವಲ್ಪ ತಡೆದು, ಇನ್ನೊಂದರ ಸಂಕೇತದೊಡನೆ ಗುಣಿಸುವುದೇ ಅಲ್ಲಿನ ಕೆಲಸ. ವಿರುದ್ಧ ದಿಕ್ಕಿಗೆ ಇಂಥದೇ ಇನ್ನೊಂದು ಜೋಡಿ. ಒಂದರ ಉತ್ತರದಿಂದ ಇನ್ನೊಂದರ ಉತ್ತರವನ್ನು ಕಳೆದರೆ ದಿಕ್ಕು ನಿಶ್ಚಯವಾಗುತ್ತದೆ. ನಿಜಕ್ಕೂ ಗುಣಾಕಾರವೆ ಎಂದು ಸಂಶಯ ಬೇಡ. ಒಂದು ಮಸೂರಕ್ಕೆ ಬೆಳಕು ಹೆಚ್ಚಿ, ಬಳಿಕ ಪಕ್ಕದ್ದಕ್ಕೂ ಹೆಚ್ಚಿದರೆ ಜೀರುಂಡೆ ಆ ದಿಕ್ಕಿಗೆ ತಿರುಗುತ್ತಿತ್ತು. ಎರಡಕ್ಕೂ ಬೆಳಕು ಕಡಮೆಯಾದರೂ ಅದೇ ದಿಕ್ಕಿಗೆ ತಿರುಗುತ್ತಿತ್ತು. ಒಂದಕ್ಕೆ ಹೆಚ್ಚಿ ಇನ್ನೊಂದಕ್ಕೆ ಕಡಮೆಯಾದಾಗ ಮಾತ್ರ ವಿರುದ್ಧ ದಿಕ್ಕಿಗೆ! ಋಣವನ್ನು ಋಣದಿಂದ ಗುಣಿಸಿದರೆ ಧನ, ಋಣವನ್ನು ಧನದಿಂದ ಗುಣಿಸಿದರೆ ಋಣ ಎಂದು ನಮ್ಮ ಮಕ್ಕಳು ಕಷ್ಟಪಟ್ಟು ಕಲಿಯುವ ನಿಯಮ ಜೀರುಂಡೆಗೆ ಹುಟ್ಟಿನಿಂದಲೇ ಬಂದಿತ್ತು.

ಬೆಂಗಳೂರಿನ ಎಂಜಿನಿಯರು, ಕ್ಯಾನ್‌ಬೆರಾದ ಜೇನು

ಈ ಲೆಕ್ಕದಲ್ಲಿ ಒಂದು ಕೊರತೆಯುಂಟು. ಪಟ್ಟೆಗಳು ಅಗಲವಾದರೆ ಒಂದು ಉತ್ತರ, ಕಿರಿದಾದರೆ ಇನ್ನೊಂದು. ಕಪ್ಪುಬಿಳುಪು ಗಾಢವಾಗಿದ್ದರೆ ಹೆಚ್ಚು, ಮಸುಕಾಗಿದ್ದರೆ ಕಡಮೆ. ದಿಕ್ಕು ಸರಿಯಾಗಿ ತಿಳಿದರೂ ವೇಗ ಖಚಿತವಾಗಿ ತಿಳಿಯುವುದಿಲ್ಲ. ವೇಗವನ್ನೇ ನೇರವಾಗಿ ಅಳೆಯುವ ಕೀಟವುಂಟೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಎಂ. ವಿ. ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ, ನಗರದ ಹಿರಿಯರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಮೆರಿಕದ ಯೇಲ್‌ನಲ್ಲಿ ಡಾಕ್ಟರೇಟ್ ಗಳಿಸಿ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಜೇನುನೊಣಗಳ ಬೆನ್ನುಹತ್ತಿದವರು ಇವರು.

ಜೇನಿನ ಎರಡು ಕಣ್ಣುಗಳು ಬಲು ಹತ್ತಿರದಲ್ಲಿವೆ. ನಮ್ಮಂತೆ ಎರಡು ಕಣ್ಣಿನ ನೋಟಗಳನ್ನು ಹೋಲಿಸಿ ದೂರವನ್ನು ಅಳೆಯುವುದು ಅದಕ್ಕೆ ಸುಲಭವಲ್ಲ. ಹಾಗಾದರೆ ಕಿಟಕಿಯ ಸಂದಿಯಲ್ಲಿ ತೂರುವಾಗ ಎರಡೂ ಅಂಚುಗಳಿಗೆ ತಗಲದೆ ನಟ್ಟನಡುವೆ ಸಾಗುವುದು ಹೇಗೆ? ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳು ಎರಡು ಗೋಡೆಗಳಿಗೂ ಪಟ್ಟೆ ಬಳಿದ ಇಕ್ಕಟ್ಟಾದ ಓಣಿಯಲ್ಲಿ ಜೇನುಗಳನ್ನು ಹಾರಿಸಿದರು. ಒಂದು ಗೋಡೆಯನ್ನು ಜೇನು ಹಾರುವ ದಿಕ್ಕಿಗೇ ಸರಿಸಿದಾಗ ಅದು ಆ ಗೋಡೆಯ ಸಮೀಪಕ್ಕೆ ಹೋಯಿತು. ಎದುರು ದಿಕ್ಕಿಗೆ ಸರಿಸಿದಾಗ ಅದರಿಂದ ದೂರ ಹೋಯಿತು. ರೈಲಿನ ಕಿಟಕಿಯಲ್ಲಿ ಕುಳಿತವರಿಗೆ ಇದರ ಅರ್ಥ ಸುಲಭವಾಗಿ ತಿಳಿಯುತ್ತದೆ. ಹತ್ತಿರದ ತಂತಿಕಂಬಗಳು ಸರಸರನೆ ಹಿಂದೋಡುತ್ತವೆ. ದೂರದ ಬೆಟ್ಟ ಮೆಲ್ಲಮೆಲ್ಲನೆ ಸರಿಯುತ್ತದೆ. ಯಾವುದು ವೇಗವಾಗಿ ಓಡುವುದೋ ಅದು ಹತ್ತಿರ. ಎಡಗಣ್ಣಿಗೂ ಬಲಗಣ್ಣಿಗೂ ದೃಶ್ಯದ ಓಟ ಸಮನಾಗಿರುವಂತೆ ನೋಡಿಕೊಂಡರೆ ಜೇನು ತಾನಾಗಿ ನಡುದಾರಿಯಲ್ಲಿರುತ್ತದೆ. ಒಂದು ಗೋಡೆಯ ಪಟ್ಟೆಗಳನ್ನು ಅಗಲವಾಗಿಯೂ ಇನ್ನೊಂದರವನ್ನು ಕಿರಿದಾಗಿಯೂ ಮಾಡಿದರೂ ಜೇನು ಮೋಸಹೋಗಲಿಲ್ಲ. ಇಲ್ಲಿ ಅಳೆಯುತ್ತಿದ್ದುದು ನಿಜವಾದ ವೇಗವನ್ನೇ.

ಕೆಳಗಿಳಿಯುವ ಕ್ರಮವೂ ಇಷ್ಟೇ ಸರಳ. ನೆಲವು ಕಣ್ಣಿಗೆ ಒಂದೇ ವೇಗದಲ್ಲಿ ಓಡುವಂತೆ ನೋಡಿಕೊಳ್ಳುತ್ತ ಜೇನು ಇಳಿಯುತ್ತದೆ. ನೆಲ ಹತ್ತಿರವಾದಂತೆ ಓಟ ಹೆಚ್ಚಬೇಕು. ಹೆಚ್ಚದಿರಬೇಕಾದರೆ ತಾನು ನಿಧಾನಿಸಬೇಕು. ನೆಲ ಮುಟ್ಟುವ ಹೊತ್ತಿಗೆ ವೇಗ ತಾನಾಗಿ ಇಲ್ಲವೆಂಬಷ್ಟಾಗಿರುತ್ತದೆ. ಎತ್ತರವೆಷ್ಟು, ವೇಗವೆಷ್ಟು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಗೊತ್ತಿಲ್ಲದೆಯೇ ಕೆಲಸ ಮುಗಿಯಿತು.

ಇನ್ನೂ ಸೋಜಿಗದ ಸಂಗತಿ 2000ದಲ್ಲಿ ಪ್ರಕಟವಾಯಿತು. ಹೂವಿರುವ ದೂರವನ್ನು ಜೇನು ಗೂಡಿನಲ್ಲಿ ಕುಣಿದು ತಿಳಿಸುತ್ತದೆಂಬುದನ್ನು ಕಾರ್ಲ್ ಫಾನ್ ಫ್ರಿಶ್ ಕಂಡುಹಿಡಿದು 1973ರಲ್ಲಿ ನೊಬೆಲ್ ಬಹುಮಾನದ ಪಾಲುದಾರರಾಗಿದ್ದರು. ಆ ದೂರವನ್ನು ಜೇನು ಅಳೆಯುವುದು ಹೇಗೆ? ಗೂಡಿನ ಹತ್ತಿರದಲ್ಲಿಯೇ, ಕೆಲವೇ ಮೀಟರು ಉದ್ದದ ಇಕ್ಕಟ್ಟಾದ ಓಣಿಯ ಗೋಡೆಗಳಿಗೆ ಚಿತ್ತಾರ ಅಂಟಿಸಿ ಜೇನುಗಳನ್ನು ಹಾರಿಸಲಾಯಿತು. ಗೋಡೆಗಳು ಕಣ್ಣಿಗೆ ಬಲು ಹತ್ತಿರವಿದ್ದುದರಿಂದ ಚಿತ್ತಾರಗಳು ಭರ್ರನೆ ಓಡಿದವು. ಹಿಂದಿರುಗಿದ ಜೇನುಗಳು ತಾವು ಹಾರಿದ್ದಕ್ಕಿಂತ ಹಲವು ಪಟ್ಟು ದೂರ ಹಾರಿದೆವೆಂದು ಕುಣಿದು ತೋರಿಸಿದವು! ಅದೇ ಓಣಿಗೆ ಉದ್ದುದ್ದನೆಯ ಗೆರೆಗಳನ್ನು ಬಳಿದಾಗ, ಗೆರೆ ಎಲ್ಲೆಲ್ಲಿಯೂ ಒಂದೇ ತೆರನಾಗಿದ್ದು ಏನೂ ಓಡಿದಂತೆ ಕಾಣದ್ದರಿಂದ, ಆಹಾರ ಗೂಡಿನ ಪಕ್ಕದಲ್ಲಿಯೇ ಇದೆಯೆಂದು ತಿಳಿಸುವ ದುಂಡು ಕುಣಿತವನ್ನು ಕುಣಿದವು. ಜೇನಿನ ಮೈಲಿಗಲ್ಲು ಕಣ್ಣೆದುರು ಓಡಿದ ದೃಶ್ಯವೇ ಹೊರತು ಬೇರಲ್ಲ. ಇಂಥ ಶೋಧಗಳಿಗಾಗಿ ಆಸ್ಟ್ರೇಲಿಯವು 2006ರಲ್ಲಿ ತನ್ನ ಪ್ರಧಾನಮಂತ್ರಿ ವಿಜ್ಞಾನ ಪುರಸ್ಕಾರವನ್ನು ಶ್ರೀನಿವಾಸನ್ ಅವರಿಗೆ ನೀಡಿತು.

ಹುಡುಕದೆ ತಿಳಿಯುವ ಉಪಾಯ

ಶ್ರೀನಿವಾಸನ್ ಎಂಜಿನಿಯರಾದ ಕಾರಣ ಜೇನಿನ ಪಾಠವನ್ನು ಯಂತ್ರಕ್ಕೂ ಅನ್ವಯಿಸಿದರು. 1994ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಮೇಲೆ ಹೇಳಿದ ಸಾವಿರಾರು ಹೋಲಿಕೆಗಳ ಕಾಟವಿಲ್ಲ. ಹಿಂದಿನ ಚಿತ್ರದ ಎರಡು ಪ್ರತಿಗಳನ್ನು ಮಾಡಿಕೊಳ್ಳುತ್ತಾರೆ; ಒಂದನ್ನು ಗೊತ್ತಾದಷ್ಟು ಎಡಕ್ಕೂ ಇನ್ನೊಂದನ್ನು ಅಷ್ಟೇ ಬಲಕ್ಕೂ ಸರಿಸುತ್ತಾರೆ. ಹೊಸದಾಗಿ ಬಂದ ಚಿತ್ರ ಈ ಎರಡರ ನಡುವೆ ಎಲ್ಲೋ ಇದೆ, ಎರಡರ ಮಿಶ್ರಣದಂತಿದೆ ಎಂದು ಭಾವಿಸಿ, ಎಡದ್ದು ಎಷ್ಟು ಪಾಲು, ಬಲದ್ದು ಎಷ್ಟು ಪಾಲು ಎಂದು ಒಂದೇ ಸಮೀಕರಣದಿಂದ ಬಿಡಿಸುತ್ತಾರೆ. ಹಾಲಿಗೆ ನೀರೆಷ್ಟು ಬೆರೆತಿದೆಯೆಂದು ತಿಳಿಯಲು ಬಗೆಬಗೆಯ ಮಿಶ್ರಣಗಳನ್ನು ಮಾಡಿ ಹೋಲಿಸಬೇಕಾಗಿಲ್ಲ. ಮಾಪಕವನ್ನು ಒಮ್ಮೆ ಅದ್ದಿದರೆ ಸಾಕು. ಇದೂ ಹಾಗೆಯೇ. ಮೇಲೆಕೆಳಗಿನ ಚಲನೆಗೂ ತಿರುಗುವಿಕೆಗೂ ಇದೇ ಬಗೆ. ಒಂದೊಂದು ಚುಕ್ಕಿಗೂ ಕೆಲವು ಗುಣಾಕಾರ, ಕೆಲವು ಸಂಕಲನ. ಅಷ್ಟಕ್ಕೆ ಉತ್ತರ ಸಿದ್ಧ.

ಈ ಉಪಾಯ ಕೈಕೊಡುವುದು ಚಿತ್ರವು ಬಹಳ ದೂರ ಸರಿದುಹೋದಾಗ. ಆಗ ಹೊಸ ಚಿತ್ರ ಎರಡು ಪ್ರತಿಗಳ ನಡುವೆ ಇರುವುದೇ ಇಲ್ಲ, ಲೆಕ್ಕ ತಪ್ಪುತ್ತದೆ. ಅದಕ್ಕೆ ಪರಿಹಾರವೇನು? ಚಿತ್ರಗಳನ್ನು ಬೇಗಬೇಗನೆ ತೆಗೆಯುವುದು. ಎರಡು ಚಿತ್ರಗಳ ನಡುವಿನ ಕಾಲ ಕಡಮೆಯಾದರೆ ಸರಿದ ದೂರವೂ ಕಡಮೆ. ಸೆಕೆಂಡಿಗೆ ಇನ್ನೂರು ಮಿನುಗುಗಳನ್ನು ಬೇರ್ಪಡಿಸುವ ನೊಣದ ಕಣ್ಣಿನ ಜಾಣತನ ಇಲ್ಲಿ ಅರ್ಥವಾಗುತ್ತದೆ. ಒರಟಾಗಿಯಾದರೂ ಸರಿ, ಬೇಗ ನೋಡು. ಬೇಗ ನೋಡಿದವನಿಗೆ ಹುಡುಕುವ ಕೆಲಸ ಅಲ್ಪ. ಬಹು ನುಣುಪಾದ ಚಿತ್ರವನ್ನು ನಿಧಾನವಾಗಿ ತೆಗೆದು ಅದರಲ್ಲಿ ತಡಕಾಡುವ ನಮ್ಮ ಪದ್ಧತಿಗೆ ಇದು ತೀರ ವಿರುದ್ಧ.

ಜೀರುಂಡೆಯ ಲೆಕ್ಕ ಮಿದುಳಿನಲ್ಲಿ ನಡೆಯುವುದು ಎಲ್ಲಿ ಎಂಬುದೂ ಈಚೆಗೆ ಬೆಳಕಿಗೆ ಬರುತ್ತಿದೆ. ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಲ್ಲಿ ಟಿ–4, ಟಿ–5 ಎಂಬ ನರಕೋಶಗಳು ಈ ಕೆಲಸ ಮಾಡುತ್ತವೆಂದು 2013ರಲ್ಲಿ ತೋರಿಸಲಾಯಿತು. ಬೆಳಗುವ ಅಂಚುಗಳಿಗೆ ಒಂದು ಬಗೆ, ಕಪ್ಪಾಗುವ ಅಂಚುಗಳಿಗೆ ಇನ್ನೊಂದು. ಒಂದೊಂದರಲ್ಲಿಯೂ ಹಿಂದೆ, ಮುಂದೆ, ಮೇಲೆ, ಕೆಳಗೆ ಎಂಬ ನಾಲ್ಕು ದಿಕ್ಕುಗಳಿಗೆ ನಾಲ್ಕು ಪಂಗಡಗಳು. 2024ರ ಅಕ್ಟೋಬರಿನಲ್ಲಿ ಆ ನೊಣದ ಇಡೀ ಮಿದುಳಿನ, ಅಂದರೆ 1,39,000ಕ್ಕೂ ಹೆಚ್ಚು ನರಕೋಶಗಳ ಮತ್ತು ಅವುಗಳ ನಡುವಣ ಐದು ಕೋಟಿಗೂ ಮೀರಿದ ಸಂಪರ್ಕಗಳ ನಕ್ಷೆ ಹೊರಬಂದಿತು.

ಮಂಗಳನ ಮರಳಿನಲ್ಲಿ

ಫ್ರಾನ್ಸಿನ ಮಾರ್ಸೇಯಲ್ಲಿ ನಿಕೋಲಾ ಫ್ರಾನ್ಸೆಸ್ಕಿನಿ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿಯೇ ನೊಣದ ಕಣ್ಣಿನ ಮಾದರಿಯಲ್ಲಿ ಚಲನೆ ಗ್ರಹಿಸುವ ಗಾಲಿಯ ಯಂತ್ರವನ್ನು ನಿರ್ಮಿಸಿ, ಅಡ್ಡ ನಿಲ್ಲಿಸಿದ ಕಂಬಗಳ ನಡುವೆ ತಾಗದಂತೆ ಓಡಿಸಿದ್ದರು. ಇಂದು ಹಾರುವ ಪುಟ್ಟ ಡ್ರೋನುಗಳಲ್ಲಿ ನೆಲದ ಓಟವನ್ನು ನೋಡಿ ಸ್ಥಿರವಾಗಿ ನಿಲ್ಲುವ ಕ್ಯಾಮರಾಗಳು ಸಾಮಾನ್ಯವಾಗಿವೆ.

ಕ್ಯಾಮರಾದ ಚಲನಜ್ಞಾನವನ್ನು ನೆಚ್ಚಿದ ಯಂತ್ರಕ್ಕೆ ಕೊನೆಯಲ್ಲಿ ಒದಗಿದ ವಿಪತ್ತೊಂದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ‘ಇಂಜೆನ್ಯುಯಿಟಿ’ ಎಂಬ ಪುಟ್ಟ ಹೆಲಿಕಾಪ್ಟರು 2021ರ ಏಪ್ರಿಲ್ 19ರಂದು ಮಂಗಳಗ್ರಹದಲ್ಲಿ ಮೊದಲ ಬಾರಿಗೆ ಹಾರಿತು. ಅದು ಕೀಟದ ಕಣ್ಣಿನ ನಕಲೇನೂ ಅಲ್ಲ. ಆದರೆ ಕೆಳಗಿನ ನೆಲದ ಗುರುತುಗಳು ಚಿತ್ರದಿಂದ ಚಿತ್ರಕ್ಕೆ ಸರಿಯುವುದನ್ನು ನೋಡಿಯೇ ತನ್ನ ವೇಗವನ್ನು ತಿಳಿಯುತ್ತಿತ್ತು. ಐದು ಹಾರಾಟಗಳಿಗೆಂದು ಕಳುಹಿಸಿದ್ದ ಆ ಯಂತ್ರ 72 ಸಲ ಹಾರಿತು. 2024ರ ಜನವರಿಯ ಕೊನೆಯ ಹಾರಾಟದಲ್ಲಿ ಅದರ ಕೆಳಗಿದ್ದದ್ದು ಕಲ್ಲು ಗುಂಡುಗಳ ಗುರುತಿಲ್ಲದ ನುಣ್ಣನೆಯ ಮರಳಿನ ಅಲೆಗಳು. ಗುರುತು ಸಿಕ್ಕದೆ ವೇಗದ ಲೆಕ್ಕ ತಪ್ಪಿ, ಬಿರುಸಾಗಿ ಇಳಿದು ಅದರ ರೆಕ್ಕೆಗಳು ಮುರಿದವೆಂದು ತನಿಖೆ ನಡೆಸಿದವರು ತಿಳಿಸಿದರು. ಉದ್ದ ಗೆರೆಗಳ ಓಣಿಯಲ್ಲಿ ದೂರ ತಿಳಿಯದೆ ಹೋದ ಜೇನಿಗೂ ಕೋಟಿಗಟ್ಟಲೆ ಮೈಲಿಗಳಾಚೆ ಬಿದ್ದ ಈ ಯಂತ್ರಕ್ಕೂ ಒದಗಿದ ಕಷ್ಟ ಒಂದೇ: ಓಡುವ ಗುರುತಿಲ್ಲದ ಕಡೆ ಚಲನೆಯಿಲ್ಲ.

ಆದುದರಿಂದ ನಮ್ಮ ಬೀದಿಗಳಲ್ಲಿ ಓಡುವ ವಾಹನಗಳಿಗೆ ಇಂಥ ಕಣ್ಣನ್ನು ಜೋಡಿಸುವಾಗ, ಮಂಜು ಮುಸುಕಿದ ಬೆಳಗು, ಮಳೆಯ ರಾತ್ರಿ, ಸುಣ್ಣ ಬಳಿದ ಬರಿಯ ಗೋಡೆ ಇವನ್ನೆಲ್ಲ ಮೊದಲೇ ಎಣಿಸಿರಬೇಕು. ಚಲನೆಯನ್ನು ಕಂಡ ಯಂತ್ರಕ್ಕೆ ಚಲಿಸಿದ್ದು ಗಾಳಿಗೆ ಹಾರಿದ ಕಾಗದವೋ ಚೆಂಡಿನ ಹಿಂದೆ ಓಡಿಬಂದ ಮಗುವೋ ತಿಳಿಯದು. ಆದರೆ ನಿಲ್ಲಿಸಬೇಕಾದದ್ದು ಮೊದಲು, ಗುರುತಿಸುವುದು ಆಮೇಲೆ. ಆ ಅರೆಕ್ಷಣವನ್ನು ಗಳಿಸಿಕೊಡುವುದರಲ್ಲಿಯೇ ಕೀಟದ ಗಣಿತದ ಬೆಲೆ ಇರುವುದು. ಇದೇ ಕಣ್ಣನ್ನು ಗುರಿಯಿಟ್ಟು ಹಾರುವ ಆಯುಧಕ್ಕೂ ಜೋಡಿಸಬಹುದೆಂಬುದನ್ನೂ ಮರೆಯುವಂತಿಲ್ಲ.

ನಮಗೆ ಪಾಠ ಹೇಳಿದ ಗುರುವಿನ ಯೋಗಕ್ಷೇಮವನ್ನೂ ವಿಚಾರಿಸಬೇಕಲ್ಲವೆ? 2012ರಲ್ಲಿ ಫ್ರಾನ್ಸಿನ ಸಂಶೋಧಕರು, ಬೆಳೆಗಳಿಗೆ ಬಳಸುವ ನಿಯೋನಿಕೊಟಿನಾಯ್ಡ್ ಬಗೆಯ ಕೀಟನಾಶಕವೊಂದನ್ನು, ಕೊಲ್ಲಲಾರದಷ್ಟು ಅಲ್ಪ ಪ್ರಮಾಣದಲ್ಲಿ ಜೇನುಗಳಿಗೆ ಕೊಟ್ಟು, ಅವುಗಳ ಬೆನ್ನಿಗೆ ಗುರುತುಚೀಟಿ ಅಂಟಿಸಿ ಬಿಟ್ಟರು. ವಿಷ ಸೇವಿಸದ ಜೇನುಗಳಿಗಿಂತ ಅವುಗಳಲ್ಲಿ ಹೆಚ್ಚು ಮಂದಿ ಗೂಡಿಗೆ ಹಿಂದಿರುಗಲಿಲ್ಲ. ಅವು ದಾರಿ ತಪ್ಪಿರಬೇಕೆಂದು ಸಂಶೋಧಕರು ಊಹಿಸಿದರು. 2018ರಲ್ಲಿ ಯುರೋಪಿನ ಒಕ್ಕೂಟವು ಇಂಥ ಮೂರು ಔಷಧಿಗಳನ್ನು ಬಯಲು ಬೆಳೆಗಳಿಗೆ ಬಳಸಕೂಡದೆಂದು ನಿಷೇಧಿಸಿತು. ಯಂತ್ರಕ್ಕೆ ದಾರಿ ಕಲಿಸಲು ನಾವು ಯಾರ ಕಣ್ಣನ್ನು ಎರವಲು ಪಡೆದೆವೋ, ಅದರ ಮನೆಯ ದಾರಿ ಅಳಿಸಿಹೋಗದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ. ಮನೆಯ ಸೂರಿನಡಿ ಜೇನು ಕಟ್ಟಿದೆಯೆಂದು ಹೊಗೆ ಹಾಕಲು ಹೊರಡುವ ಮುನ್ನ, ಅದನ್ನು ಕೊಲ್ಲದೆ ಬಿಡಿಸಿ ಒಯ್ಯುವ ಜೇನುಸಾಕಣೆಗಾರರು ಸಮೀಪದಲ್ಲಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿರಿ.